ಯೆಫ್ತಾಹನ ಮಗಳನ್ನು ದಾಟಿ ಹೋಗಬೇಡಿ

ಪ್ರಶ್ನೆ: ಈ ವರ್ಷ ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಓದೋಣವೆಂದು ಮನೆಯವರೆಲ್ಲ ಸೇರಿ ಶುರುಮಾಡಿದೆವು. ನ್ಯಾಯಸ್ಥಾಪಕರು 11ನೇ ಅಧ್ಯಾಯಕ್ಕೆ ಬಂದು ನಿಂತಿದ್ದೇವೆ. ಹರಕೆ ತೀರಿಸಲು ಯೆಫ್ತಾಹ ತನ್ನ ಒಬ್ಬಳೇ ಮಗಳನ್ನು ಬಲಿಕೊಟ್ಟದ್ದನ್ನು ಕೇಳಿ, ಹತ್ತನೇ ತರಗತಿಯಲ್ಲಿರುವ ನನ್ನ ಮಗಳು, "ಅಬ್ರಹಾಮನನ್ನು ತಡೆದ ದೇವರು ಇವನನ್ನು ಯಾಕಮ್ಮ ತಡೆಯಲಿಲ್ಲ?" ಎಂದಳು. ನನಗೆ ಉತ್ತರ ತೋಚಲಿಲ್ಲ. ಇಂಥದ್ದನ್ನೆಲ್ಲ ಬಿಟ್ಟು ಸುವಾರ್ತೆ, ಕೀರ್ತನೆ ಓದಿಸು ಎನ್ನುತ್ತಾರೆ ಅತ್ತೆ. ಬಿಟ್ಟುಬಿಡಲೇ?

ಉತ್ತರ: ಪ್ರಿಯ ಸಹೋದರಿ, ಬಿಡಬೇಡಿ. ಆದಿಕಾಂಡ 22ನ್ನು ಮನಸ್ಸಿನಲ್ಲಿ ಇಟ್ಟುಕೊಂಡವಳಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ನಿಮ್ಮ ಮಗಳು ಚೆನ್ನಾಗಿ ಓದುತ್ತಿದ್ದಾಳೆ.

ಆ ಅಧ್ಯಾಯವನ್ನು ಅವಳ ಜೊತೆ ಕೂತು ಮತ್ತೊಮ್ಮೆ ನಿಧಾನವಾಗಿ ಓದಿ. ದೇವರ ಆತ್ಮ ಯೆಫ್ತಾಹನ ಮೇಲೆ ಬಂದದ್ದು 29ನೇ ವಚನದಲ್ಲಿ, ಅವನು ಹರಕೆ ಹೊತ್ತದ್ದು ಅದಾದ ಮೇಲೆ. ಆ ಹರಕೆ ಹೊರು ಎಂದು ದೇವರು ಕೇಳಿರಲಿಲ್ಲ. ಯುದ್ಧ ಗೆದ್ದು ಬಂದವನನ್ನು ದಮ್ಮಡಿ ಬಡಿಯುತ್ತ ಎದುರುಗೊಂಡ ಮಗಳಿಗೆ ಅವನು ಹೇಳುವುದೇನು? ನೀನು ನನ್ನನ್ನು ಕುಗ್ಗಿಸಿಬಿಟ್ಟೆ ಎಂದು. ಸಾಯಬೇಕಾದವಳು ಅವಳು, ಅವನ ಅಳು ತನಗಾಗಿ! ಆ ಮೇಲೆ ಅಧ್ಯಾಯ ಮುಗಿಯುವವರೆಗೂ ದೇವರು ಮಾತಾಡುವುದಿಲ್ಲ, ಕಥೆ ಹೇಳುವವನು ಅವನನ್ನು ಹೊಗಳುವುದೂ ಇಲ್ಲ. ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ 4 ದಿನ ಅವಳಿಗಾಗಿ ಶೋಕಿಸುತ್ತಿದ್ದರು ಎಂಬುದನ್ನು ಮಾತ್ರ ಮರೆಯದೆ ಬರೆದಿಟ್ಟಿದ್ದಾನೆ.

ಇನ್ನು ಯಾಜಕಕಾಂಡ 27ಕ್ಕೆ ಹೋಗಿ, ಓದುವಾಗ ಬೇಸರ ಬಂದಿರಬಹುದಾದ ಆ ಲೆಕ್ಕಪತ್ರದಂಥ ಅಧ್ಯಾಯಕ್ಕೆ. ದೇವರಿಗೆ ಹರಕೆಹೊತ್ತ ಮನುಷ್ಯರಿಗೆ ಬದಲಾಗಿ ಬೆಳ್ಳಿ ಕೊಡುವ ದಾರಿ ಅಲ್ಲಿದೆ. 5ರಿಂದ 20 ವರ್ಷದೊಳಗಿನ ಹುಡುಗಿಗೆ 10 ಶೆಕೆಲ್. ಇಷ್ಟು ಕೊಟ್ಟು ಅವಳನ್ನು ಉಳಿಸಿಕೊಳ್ಳಬಹುದಿತ್ತೇ ಎಂದು ಹಿಂದಿನ ಯೆಹೂದಿ ಗುರುಗಳು ವಾದಿಸಿದ್ದಾರೆ. ಹರಕೆ ಬಿಡಿಸಬಲ್ಲ ಯಾಜಕ ಫೀನೆಹಾಸನ ಬಳಿಗೆ ಯೆಫ್ತಾಹ ಹೋಗಲಿಲ್ಲ, ಫೀನೆಹಾಸನೂ ತಾನಾಗಿ ಬರಲಿಲ್ಲ, ಇಬ್ಬರ ಪ್ರತಿಷ್ಠೆಯ ನಡುವೆ ಹುಡುಗಿ ಹೋದಳು ಎಂದು ಅವರ ಮಿದ್ರಾಷ್ ಕಟುವಾಗಿ ಹೇಳುತ್ತದೆ. ಮಧ್ಯಯುಗದ ವ್ಯಾಖ್ಯಾನಕಾರ ದಾವೀದ್ ಕಿಮ್ಹಿಯ ಪ್ರಕಾರ ಅವಳನ್ನು ಕೊಲ್ಲಲಿಲ್ಲ, ಮದುವೆಯಿಲ್ಲದೆ ಒಂಟಿಯಾಗಿ ಇರಿಸಿದರು. ಮಗಳ ಪ್ರಶ್ನೆಯ ಜೊತೆ ಎಷ್ಟು ಜನ ಎಷ್ಟು ಶತಮಾನ ಕೂತಿದ್ದಾರೆ ನೋಡಿ.

ಇಷ್ಟಾದರೂ ಗಂಟು ಪೂರ್ತಿ ಬಿಚ್ಚುವುದಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆ 11ನೇ ಅಧ್ಯಾಯದಲ್ಲಿ ಇದೇ ಯೆಫ್ತಾಹನನ್ನು ನಂಬಿಕೆಯ ವೀರರ ಸಾಲಿನಲ್ಲಿ ಹೆಸರಿಸುತ್ತದೆ. ಇದನ್ನೆಲ್ಲ ಒಂದೇ ಮಾತಿನಲ್ಲಿ ಬಗೆಹರಿಸಿಬಿಡುವ ಪ್ರಸಂಗವನ್ನು ನಾನು ನಂಬುವುದಿಲ್ಲ.

ಅತ್ತೆಯವರಿಗಿರುವುದು ಮೊಮ್ಮಗಳ ಕಾಳಜಿ, ಅದಕ್ಕೆ ಬೆಲೆ ಕೊಡಿ. ಆದರೆ ಅವರು ಓದಿಸು ಎನ್ನುವ ಕೀರ್ತನೆಗಳಲ್ಲೇ 88ನೆಯದು ಕತ್ತಲೆಯಲ್ಲಿ ಮುಗಿಯುತ್ತದೆ, 137ನೆಯದು ಶತ್ರುವಿನ ಕೂಸುಗಳ ಸಾವು ಬಯಸುತ್ತದೆ. 58, 83, 109ನೇ ಕೀರ್ತನೆಗಳನ್ನು ಕಥೋಲಿಕ ಸಭೆ 1971ರ ತನ್ನ ದೈನಂದಿನ ಪ್ರಾರ್ಥನಾ ಗ್ರಂಥದಿಂದ ಕೈಬಿಟ್ಟಿತು, ಬೈಬಲಿನಿಂದ ಕೈಬಿಡಲಿಲ್ಲ. ಎಲ್ಲ ಕಳೆದುಕೊಂಡು ದೇವರ ಮೇಲೇ ದೂರು ಹೇಳಿದ ಯೋಬನು ಸರಿಯಾಗಿ ಮಾತಾಡಿದನೆಂದು ದೇವರೇ ಹೇಳುತ್ತಾನೆ. ದೇವರ ಪರ ವಕಾಲತ್ತು ವಹಿಸಿದ ಗೆಳೆಯರಿಗೆ ಸಿಕ್ಕಿದ್ದು ಕೋಪ.

ನಮ್ಮ ಮನೆಗಳಲ್ಲೂ ದೊಡ್ಡವರು ಕೊಟ್ಟ ಮಾತು, ಹೊತ್ತ ಹರಕೆ ಹೆಣ್ಣುಮಕ್ಕಳ ಬದುಕಿನ ಮೇಲೆ ಬೀಳುವುದುಂಟು. ಅಂಥ ಹುಡುಗಿ ಸತ್ಯವೇದ ತೆರೆದಾಗ ತನ್ನಂಥವಳೊಬ್ಬಳು ಅಲ್ಲಿ ಕಾಣಬೇಕು. ನಾವು ಹಾಳೆ ಮಗುಚಿ ಮುಂದೆ ಹೋದರೆ ಅವಳಿಗೆ ಯಾರೂ ಕಾಣುವುದಿಲ್ಲ.

10ರಿಂದ 12ನೇ ಅಧ್ಯಾಯದವರೆಗೆ ಒಂದೇ ಸಲ ಕೂತು ಓದಿ. ದೇವರು ಯಾಕೆ ತಡೆಯಲಿಲ್ಲ ಎಂಬುದು ನನಗೆ ಗೊತ್ತಿಲ್ಲ ಎಂದು ಮಗಳಿಗೆ ನೇರವಾಗಿ ಹೇಳಿ, ಸಭಾಪಾಲಕರ ಹತ್ತಿರ ಇಬ್ಬರೂ ಹೋಗಿ ಕೇಳಿ. ಒಂದು ಎಚ್ಚರಿಕೆ: 19ನೇ ಅಧ್ಯಾಯ ಇದಕ್ಕಿಂತ ಕ್ರೂರವಾಗಿದೆ. ಅದನ್ನು ಮೊದಲು ನೀವೊಬ್ಬರೇ ಓದಿ, ಮಗಳ ಮುಂದೆ ಯಾವಾಗ ಓದಬೇಕೆಂದು ಆಮೇಲೆ ತೀರ್ಮಾನಿಸಿ.