ಬೋರ್ ನೀರಿನ ಸುಣ್ಣ, ಸುಟ್ಟ ಗೀಸರ್

ನಮ್ಮದು ಶಿರಾ ತಾಲೂಕು. ತೋಟಕ್ಕೂ ಮನೆಗೂ ಒಂದೇ ಬೋರು. ಈ ನೀರಿಗೆ ಸೋಪು ನೊರೆ ಬರೋದಿಲ್ಲ, ತೊಗರಿಬೇಳೆ ಬೇಗ ಬೇಯೋದಿಲ್ಲ, ತೊಳೆದಿಟ್ಟ ಸ್ಟೀಲ್ ಲೋಟದ ಮೇಲೆ ಬಿಳಿ ಕಲೆ ನಿಲ್ಲುತ್ತೆ. ಇದಕ್ಕೆಲ್ಲ ಹೊಂದಿಕೊಂಡಿದ್ದೆವು. ಸೌದೆ ಒಲೆಯ ಹಂಡೆ ಇದ್ದಷ್ಟು ದಿನ ಚಿಂತೆಯೂ ಇರಲಿಲ್ಲ. ತಳದಲ್ಲಿ ಸುಣ್ಣ ಕಟ್ಟಿದರೆ ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿಬಿಡುತ್ತಿದ್ದರು.

2021ರಲ್ಲಿ ಗೀಸರ್ ಹಾಕಿಸಿದೆವು. ಎರಡನೇ ವರ್ಷಕ್ಕೆ ನೀರು ಕಾಯುವಾಗ ಒಳಗೆ ಚಟಪಟ ಸದ್ದು ಶುರುವಾಯ್ತು. ಯಾರೂ ಗಮನ ಕೊಡಲಿಲ್ಲ. ಒಂದು ಬೆಳಿಗ್ಗೆ ನಲ್ಲಿ ಮುಟ್ಟಿದ ನನ್ನ ಹೆಂಡತಿಗೆ ಜುಮ್ಮೆಂದು ಶಾಕ್ ಹೊಡೆಯಿತು. ಪುಣ್ಯಕ್ಕೆ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು.

ಕರೆಂಟ್ ಕೆಲಸದ ಹುಡುಗ ಬಂದು ಬಿಚ್ಚಿದ. "ಅಣ್ಣಾ, ಇದು ಕಾಯಿಲ್ಲೋ ಸುಣ್ಣದ ಗಟ್ಟಿಯೋ ನೋಡಿ" ಎಂದು ಕೈಗಿಟ್ಟ. ಬೆರಳಿನಷ್ಟು ದಪ್ಪ ಬಿಳಿ ಪದರ, ನಡುವೆ ಒಡೆದ ಕೊಳವೆ. ಸುಣ್ಣದ ಪದರ ಬಿಸಿಯನ್ನು ನೀರಿಗೆ ಸುಲಭವಾಗಿ ಬಿಡೋದಿಲ್ಲ. ಒಳಗಿನ ಕಾಯಿಲ್ ವಿಪರೀತ ಕಾದು ಮೇಲಿನ ಲೋಹ ಸೀಳುತ್ತದೆ, ಕರೆಂಟು ನೀರಿಗೆ ಇಳಿಯುತ್ತದೆ. ನಮ್ಮಲ್ಲಿ ಇನ್ನೊಂದು ತಪ್ಪೂ ಇತ್ತು: ಪ್ಲಗ್‌ಗೆ ಮೂರು ಪಿನ್ ಇದ್ದರೂ ಅರ್ಥಿಂಗ್ ತಂತಿ ಎಲ್ಲಿಗೂ ಸೇರಿರಲಿಲ್ಲ. ನಿಮ್ಮ ಮನೆಯಲ್ಲಿ ಗೀಸರ್ ಇದ್ದರೆ ಮೊದಲು ಅದನ್ನು ನೋಡಿಸಿ. ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಸ್ವಿಚ್ಚೂ ಹಾಕಿಸಿ. ಮಿಕ್ಕ ಪಾಠ ಆಮೇಲೆ.

ಸುಣ್ಣ ಬರುವುದು ಎಲ್ಲಿಂದ? ಮಳೆನೀರು ಮಣ್ಣಿಗೆ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ಕಲ್ಲಿನಲ್ಲಿರುವ ಸುಣ್ಣ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಇದೇ ಗಡಸು ನೀರು. ಕಾಯಿಸಿದಾಗ ಆ ಅನಿಲ ಹಾರಿಹೋಗಿ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ಹಾಗಾಗಿ ಬಿಸಿ ಹೆಚ್ಚಿರುವ ಕಡೆಯೇ ಪದರ ಹೆಚ್ಚು. ಲೀಟರಿಗೆ ಬರೀ 100 ಮಿಲಿಗ್ರಾಂ ಇಳಿದರೂ, ದಿನಕ್ಕೆ 60 ಲೀಟರ್ ಕಾಯಿಸುವ ಮನೆಯಲ್ಲಿ ವರ್ಷಕ್ಕೆ ಎರಡು ಕಿಲೋ ದಾಟುತ್ತದೆ! ಗಡಸುತನದ ಇನ್ನೊಂದು ಪಾಲು, ಸಲ್ಫೇಟು ಕ್ಲೋರೈಡುಗಳದ್ದು, ಕುದಿಸಿದರೂ ಇಳಿಯದೆ ನೀರಲ್ಲೇ ಉಳಿದು ಸೋಪನ್ನು ಕೆಡಿಸುತ್ತದೆ.

ಗೀಸರ್ ಸುಟ್ಟ ಸುದ್ದಿ ಹೇಗೆ ಹಬ್ಬಿತೋ, ವಾರದೊಳಗೆ ಒಬ್ಬ ಮಾರಾಟಗಾರ ಬಂದ. ಎರಡು ಲೋಟ, ಒಂದರಲ್ಲಿ ನಮ್ಮ ಬೋರ್ ನೀರು, ಇನ್ನೊಂದರಲ್ಲಿ ಅವನು ತಂದ ಫಿಲ್ಟರ್ ನೀರು. ಎರಡಕ್ಕೂ ಕಡ್ಡಿಗಳಿದ್ದ ಒಂದು ಯಂತ್ರ ಅದ್ದಿ ಕರೆಂಟ್ ಕೊಟ್ಟ. ನಮ್ಮ ನೀರು ಕ್ಷಣದಲ್ಲಿ ಕಂದು ರಾಡಿ. ಅವನದು ತಿಳಿಯಾಗೇ ಇತ್ತು. "ಇದನ್ನೇ ಸಾರ್ ನೀವು ಕುಡೀತಿರೋದು" ಅಂದ. ನಾನು ಮುಂಗಡ ಕೊಡಲು ಎದ್ದೇ ಬಿಟ್ಟಿದ್ದೆ. ಪಿಯುಸಿ ಓದುವ ಮಗಳು ತಡೆದು, ಅವನ ಹೊಸ ಲೋಟದ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, "ಈಗ ಅದ್ದಿ ಅಣ್ಣ" ಎಂದಳು. ಅದೂ ಕಂದಾಯ್ತು. ರಾಡಿ ನೀರಿನದ್ದಲ್ಲ, ಕರಗುತ್ತಿದ್ದ ಕಬ್ಬಿಣದ ಕಡ್ಡಿಯದ್ದು. ಲವಣ ಇಲ್ಲದ ನೀರಿನಲ್ಲಿ ಕರೆಂಟು ಹರಿಯದು, ಆದ್ದರಿಂದ ಅದು ತಿಳಿ. ಅಷ್ಟೇ.

ಅವರು ತೋರಿಸುವ ಟಿಡಿಎಸ್ ಪೆನ್ನೂ ಗಡಸುತನ ಹೇಳೋದಿಲ್ಲ, ಕರಗಿದ ಎಲ್ಲ ಲವಣಗಳ ಅಂದಾಜು ಹೇಳುತ್ತದೆ. ಗಡಸುತನ ತಿಳಿಯಲು ಲ್ಯಾಬಿಗೆ ಕೊಡಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 600. ನಮ್ಮದು 520 ಬಂತು. ಕೊಟ್ಟಾಗ ಫ್ಲೋರೈಡೂ ನೋಡಿಸಿ, ಅದು ಬೇರೆಯೇ ವಿಷಯ. ನಮ್ಮ ಸೀಮೆಗೆ ನಿಜವಾದ ಭಯ ಅದೇ. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಹೆಚ್ಚುತ್ತದೆ.

ಮನೆಗೆಲ್ಲ ಸಾಫ್ಟನರ್ ಹಾಕಿಸುವ ಯೋಚನೆಯೂ ಬಂದಿತ್ತು. ಅದರೊಳಗಿನ ರಾಳದ ಮಣಿಗಳು ಸುಣ್ಣ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ, 100 ಮಿಲಿಗ್ರಾಂ ಗಡಸಿಗೆ ಸುಮಾರು 46 ಮಿಲಿಗ್ರಾಂ. ಮಣಿ ತೊಳೆಯಲು ಮೂಟೆ ಮೂಟೆ ಉಪ್ಪು ಬೇಕು. ಬಚ್ಚಲ ನೀರು ಬಾಳೆಗೆ ಹೋಗುವ ನಮ್ಮಂಥ ಮನೆಗೆ ಇದು ಆಗದು. ಸೋಡಿಯಂ ಕುಡಿದ ಮಣ್ಣು ಒಣಗಿದರೆ ಹೆಂಟೆ, ನೆನೆದರೆ ಜಿಗುಟು, ನೀರು ಇಂಗದು.

ಯೋಚಿಸಿದರೆ, ಸುಣ್ಣದ ಕಾಟ ಇರುವುದು ಕಾಯಿಸುವ ನೀರಿನಲ್ಲಿ. ಮನೆಯ ಎಲ್ಲ ನೀರನ್ನು ತಿದ್ದುವುದೇಕೆ? ಗೀಸರಿಗೂ ಬೇಳೆ ಬೇಯಿಸಲಿಕ್ಕೂ ಮಳೆನೀರು ಕೊಟ್ಟೆವು. ಸಾವಿರ ಚದರಡಿ ಸೂರಿಗೆ 25 ಮಿಲಿಮೀಟರ್ ಮಳೆ ಬಿದ್ದರೆ 2,300 ಲೀಟರ್. ಮೊದಲ ಮಳೆಯ ಕೊಳೆ ಹೊರಬಿಟ್ಟು ಜರಡಿ, ಮರಳು ಹಾದು 5,000 ಲೀಟರ್ ತೊಟ್ಟಿಗೆ ಬರುತ್ತದೆ. ಅಲ್ಲಿಂದ ಸಣ್ಣ ಪಂಪಿನಲ್ಲಿ ಮೇಲಿನ ಬೇರೆ ಟ್ಯಾಂಕಿಗೆ, ಅಲ್ಲಿಂದ ಗೀಸರಿಗೆ. ಥರ್ಮೋಸ್ಟಾಟನ್ನು 50–55 ಡಿಗ್ರಿಗೆ ಇಳಿಸಿದ್ದೇವೆ.

ಬಕೆಟ್ ಹೀಟರ್, ಕೆಟಲ್‌ಗೆ ಕಟ್ಟಿದ ಸುಣ್ಣಕ್ಕೆ ಅಂಗಡಿಯ ನಿಂಬೆ ಉಪ್ಪು ಸಾಕು. ಪ್ಲಗ್ ತೆಗೆದು, ಲೀಟರ್ ಬಿಸಿನೀರಿಗೆ ಎರಡು ಚಮಚ ಕರಗಿಸಿ, ಲೋಹದ ಭಾಗ ಮಾತ್ರ ಒಂದು ಗಂಟೆ ಮುಳುಗಿಸಿಡಿ. ಗುಳ್ಳೆ ಬಿಟ್ಟು ಸುಣ್ಣ ಕರಗುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹಾಕಬೇಡಿ, ಲೋಹವನ್ನೂ ತಿನ್ನುತ್ತದೆ. ಗೀಸರ್ ಬಿಚ್ಚುವುದನ್ನು ಮಾತ್ರ ಕೆಲಸ ಬಲ್ಲವರಿಗೇ ಬಿಡಿ. ಬಟ್ಟೆಗೆ ಬಾರ್ ಸೋಪಿನ ಬದಲು ಪೌಡರ್ ಮೇಲು. ಸೋಪು ಸುಣ್ಣದ ಜೊತೆ ಸೇರಿ ಮಡ್ಡಿಯಾಗಿ ಬಟ್ಟೆ ಹಿಡಿಯುತ್ತದೆ.

ಡ್ರಿಪ್ಪರ್ ಕಟ್ಟುವುದೂ ಇದೇ ಸುಣ್ಣ, ಅದರ ಕಥೆ ಇನ್ನೊಮ್ಮೆ ಬರೆಯುತ್ತೇನೆ. ಹೊಸ ಗೀಸರನ್ನು ವರ್ಷದ ಮೇಲೆ ಬಿಚ್ಚಿಸಿದೆ. ಕಾಯಿಲ್ ಮೇಲೆ ಬೆರಳಲ್ಲಿ ಒರೆಸಿದರೆ ಹೋಗುವಷ್ಟು ಬಿಳಿ ಪುಡಿ ಇತ್ತು. ತೊಟ್ಟಿ ಫೆಬ್ರವರಿಗೆ ಖಾಲಿಯಾಗುತ್ತದೆ, ಆಮೇಲೆ ಮಳೆ ಬರುವವರೆಗೆ ಮತ್ತೆ ಬೋರ್ ನೀರೇ. ಆ ಮೂರು ತಿಂಗಳು ಗೀಸರ್ ಆರಿಸಿ, ಅಮ್ಮನ ಹಂಡೆ ಇಳಿಸಿಕೊಳ್ಳುತ್ತೇವೆ.