ಅಣುಗಳ ನಂಟಿನ ಲೆಕ್ಕ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳ್ಳಿಗಳಲ್ಲಿ ಹಣ್ಣಾದ ರೇಷ್ಮೆಹುಳುಗಳನ್ನು ಚಂದ್ರಿಕೆಗೆ ಬಿಡುವ ದಿನ ಮನೆಮಂದಿಗೆಲ್ಲ ಬಿಡುವಿಲ್ಲದ ಕೆಲಸ. ಎರಡು ಮೂರು ದಿನಗಳಲ್ಲಿ ಹುಳು ಗೂಡು ಕಟ್ಟಿ ಮುಗಿಸುತ್ತದೆ. ಅದರ ನೂಲಿನ ತಿರುಳು ಫೈಬ್ರಾಯಿನ್ ಎಂಬ ಪ್ರೋಟೀನು. ಅದರಲ್ಲಿ ಭಾರವಾದ ಸರಪಣಿ, ಹಗುರವಾದ ಸರಪಣಿ, ಪಿ25 ಎಂದು ಮೂರು ಬಗೆಯ ಘಟಕಗಳಿವೆ. ಭಾರವಾದವು ಆರು, ಹಗುರವಾದವು ಆರು, ಪಿ25 ಒಂದು, ಇಷ್ಟು ಸೇರಿ ಒಂದು ಕೂಟವಾಗುವುದೆಂದು ಜಪಾನಿನ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದರು. ಭಾರದ ಸರಪಣಿಗೂ ಹಗುರದ ಸರಪಣಿಗೂ ಗಂಧಕದ ಬೆಸುಗೆಯುಂಟು. ಈ ಬೆಸುಗೆ ಕೂಡದ ಹುಳುವಿನ ತಳಿಯೊಂದಿದೆ. ಅದರ ಗ್ರಂಥಿಯಿಂದ ಫೈಬ್ರಾಯಿನ್ ಹೊರಬರುವುದು ಅತ್ಯಲ್ಪ. ಎರಡು ಅಣುಗಳ ನಂಟು ತಪ್ಪಿದರೆ ರೈತನ ಕೈಗೆ ಗೂಡೇ ಇಲ್ಲ!

ವಿಜ್ಞಾನಿಗಳು ಅಂತರಕ್ರಿಯೆ ಎಂದು ಕರೆಯುವ ಇಂಥ ನಂಟುಗಳು ನಮ್ಮ ದೇಹದಲ್ಲಿಯೂ ಅಸಂಖ್ಯಾತ. ಇವು ಕೆಟ್ಟಾಗ ಅರ್ಬುದದಂತಹ ರೋಗಗಳು ತಲೆದೋರುವುದುಂಟು; ಆದುದರಿಂದ ಔಷಧವನ್ನು ಅರಸುವವರಿಗೆ ಇವುಗಳ ಲೆಕ್ಕ ಬೇಕು. ಆದರೆ ಒಂದು ನಂಟನ್ನು ಒಂದು ಪ್ರಯೋಗಶಾಲೆ ಕಾಣುತ್ತದೆ, ಮತ್ತೊಂದನ್ನು ಮತ್ತೊಂದು. ನಾನಾ ಪತ್ರಿಕೆಗಳಲ್ಲಿ ಚದುರಿಹೋದ ಈ ತಿಳಿವನ್ನು ಗಣಕಯಂತ್ರದಲ್ಲಿ ಕೂಡಿಡುವ ಉಗ್ರಾಣಗಳೇ ದತ್ತಸಂಚಯಗಳು. ಅಂಥದೊಂದು ನಮ್ಮ ಬೆಂಗಳೂರಿನಲ್ಲಿಯೇ ಬೆಳೆಯಿತು. ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದೊಡನೆ ಕೂಡಿ, 2003ರಲ್ಲಿ ಮಾನವ ಪ್ರೋಟೀನುಗಳ ಸಂಚಯವೊಂದನ್ನು ಲೋಕದ ಮುಂದಿಟ್ಟಿತು. ತರಬೇತು ಪಡೆದ ಜೀವವಿಜ್ಞಾನಿಗಳು ಲೇಖನಗಳನ್ನು ಒಂದೊಂದಾಗಿ ಓದಿ ದಾಖಲೆಗಳನ್ನು ಬರೆದರು. ಯಂತ್ರದ ಯುಗದಲ್ಲಿಯೂ ಇದು ಓದುಗನ ಕಣ್ಣಿನ ಕೆಲಸವೇ. 2010ರ ವೇಳೆಗೆ ಸುಮಾರು 30 ಸಾವಿರ ಪ್ರೋಟೀನುಗಳೂ 40 ಸಾವಿರದಷ್ಟು ನಂಟುಗಳೂ ಅದರಲ್ಲಿ ಸೇರಿದ್ದವು.

ಓದುವವರು ಹಲವರಾದಾಗ ತೊಡಕು ಬರುತ್ತದೆ. ಒಂಬತ್ತು ಸಂಚಯಗಳನ್ನು ಹೋಲಿಸಿದ 2010ರ ಅಧ್ಯಯನವೊಂದು, ಒಂದೇ ಲೇಖನವನ್ನು ಓದಿದ ಎರಡು ಸಂಚಯಗಳು ಸರಾಸರಿ ನೂರಕ್ಕೆ 42 ನಂಟುಗಳಲ್ಲಿ ಮಾತ್ರ ಪೂರ್ಣವಾಗಿ ಒಪ್ಪುತ್ತವೆಂದು ಕಂಡಿತು. ಹೀಗೇಕೆ? ಮೇಲಿನ ರೇಷ್ಮೆಯನ್ನೇ ನೋಡಿರಿ. ಭಾರದ ಸರಪಣಿಯನ್ನು ಹಿಡಿದೆಳೆದಾಗ ಹಗುರದ್ದೂ ಪಿ25 ಕೂಡ ಜೊತೆಯಲ್ಲಿ ಬಂದವೆನ್ನೋಣ. ಎಳೆದದ್ದಕ್ಕೆ ಉಳಿದೆರಡೂ ಅಂಟಿದ್ದವೆಂದು ಒಬ್ಬನು ಎರಡು ನಂಟುಗಳನ್ನು ಬರೆಯುತ್ತಾನೆ. ಪ್ರತಿಯೊಂದೂ ಪ್ರತಿಯೊಂದಕ್ಕೆ ಅಂಟಿರಬಹುದೆಂದು ಇನ್ನೊಬ್ಬನು ಮೂರನ್ನು ಬರೆಯುತ್ತಾನೆ. ಪ್ರಯೋಗದಲ್ಲಿ ಬಳಸಿದ ಪ್ರೋಟೀನು ಮನುಷ್ಯನದೋ ಇಲಿಯದೋ ಎಂಬುದನ್ನು ಮೂಲ ಲೇಖನವೇ ಸ್ಪಷ್ಟಪಡಿಸದಿರುವುದೂ ಉಂಟು.

ಇದಕ್ಕಾಗಿ 2004ರಲ್ಲಿ ದಾಖಲೆಗಳಿಗೆ ಒಂದು ಸಮಾನ ನಮೂನೆ ಪ್ರಕಟವಾಯಿತು. ಇಂಗ್ಲೆಂಡಿನ ಇಂಟ್ಯಾಕ್ಟ್, ರೋಮ್ ನಗರದ ಮಿಂಟ್, ಲಾಸ್ ಏಂಜಲೀಸಿನ ಡಿಪ್ ಮುಂತಾದ ಸಂಚಯಗಳು ಐಮೆಕ್ಸ್ ಎಂಬ ಕೂಟವನ್ನು ರಚಿಸಿಕೊಂಡು, ಓದುವ ಕೆಲಸವನ್ನು ತಮ್ಮಲ್ಲಿ ಹಂಚಿಕೊಂಡವು. ಯಾವ ಜೀವಿ, ಯಾವ ಪ್ರಯೋಗ, ಯಾವ ಲೇಖನ ಎಂಬುದನ್ನು ನಮೂದಿಸದೆ ನಂಟನ್ನು ದಾಖಲಿಸಲಾಗದೆಂಬುದು ಅವುಗಳ ಕಟ್ಟಳೆ.

ಎಲ್ಲ ದಾಖಲೆಗಳ ತೂಕವೂ ಒಂದೇ ಅಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವರು ಗೂಡನ್ನು ಕೈಯಲ್ಲಿ ಹಿಡಿದೇ ರೆಂಡಿಟ್ಟಾ ಎಷ್ಟು, ಎಂದರೆ ಒಂದು ಕಿಲೋ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕೆಂದು ಅಂದಾಜು ಮಾಡಿ ಬೆಲೆ ಕಟ್ಟುವುದುಂಟು. ನಂಟುಗಳಿಗೂ ಇಂಥ ಅಂದಾಜು ಬೇಕು. ಎರಡು ಪ್ರೋಟೀನುಗಳನ್ನು ಯೀಸ್ಟ್ ಕೋಶದೊಳಗೆ ತಂದು ಪರೀಕ್ಷಿಸುವ ಕ್ರಮವೊಂದಿದೆ. ತಮ್ಮ ಸ್ವಂತ ಜೀವಿಯಲ್ಲಿ ಎಂದೂ ಭೇಟಿಯಾಗದವು ಕೂಡ ಅಲ್ಲಿ ಅಂಟಿಕೊಳ್ಳಬಹುದು. ಆದುದರಿಂದ ಪ್ರಯೋಗದ ಬಗೆ, ನಂಟಿನ ಬಗೆ, ಅದನ್ನು ವರದಿಮಾಡಿದ ಲೇಖನಗಳ ಸಂಖ್ಯೆ ಇವುಗಳನ್ನು ನೋಡಿ 0ಯಿಂದ 1ರವರೆಗೆ ಅಂಕ ಕೊಡುವ ಪದ್ಧತಿ ಬಂದಿದೆ. ಕಡಿಮೆ ಅಂಕವೆಂದರೆ ಸುಳ್ಳೆಂದಲ್ಲ, ಸಾಕ್ಷ್ಯ ಸಾಲದೆಂದಷ್ಟೇ. ಹೆಚ್ಚು ಜನರು ಅಧ್ಯಯನ ಮಾಡಿದ ಪ್ರೋಟೀನಿಗೆ ಅಂಕ ಸುಲಭವಾಗಿ ಏರುತ್ತದೆ. ಬಡ ರೇಷ್ಮೆಹುಳುವಿಗೆ ಆ ಭಾಗ್ಯ ಕಡಿಮೆ.

ಬೆಂಗಳೂರಿನ ಸಂಚಯಕ್ಕೆ 2010ರ ಬಳಿಕ ಹೊಸ ಆವೃತ್ತಿ ಬರಲಿಲ್ಲ. ಆದರೆ ಅದರ ದಾಖಲೆಗಳನ್ನು ಅಷ್ಟರೊಳಗೆ ಬೇರೆ ಸಂಗ್ರಹಗಳು ತಮ್ಮೊಳಗೆ ಸೇರಿಸಿಕೊಂಡಿದ್ದವು. ಅಲ್ಲಿ ಅವು ಇತರ ದಾಖಲೆಗಳ ಪಕ್ಕದಲ್ಲಿ ನಿಂತು ಅಂಕ ಪಡೆಯುತ್ತ, ತಮ್ಮ ಮೂಲ ಲೇಖನದ ಗುರುತನ್ನು ಇಂದಿಗೂ ಹೊತ್ತುಕೊಂಡಿವೆ.