ಫರ್ನೇಸಿನ ಫಿಲ್ಟರ್: ಕೆಲಸದಲ್ಲಿ ಕಲಿತ ಪಾಠಗಳು

ಚಿಕಾಗೋದ ಪಶ್ಚಿಮಕ್ಕಿರುವ ನೇಪರ್‌ವಿಲ್, ಅರೋರಾ ಕಡೆಯ ಮನೆಗಳಲ್ಲಿ ಹೀಟಿಂಗ್, ಕೂಲಿಂಗ್ ರಿಪೇರಿ ನನ್ನ ಕೆಲಸ. ಕನ್ನಡದವರ ಮನೆಗಳೂ ಇಲ್ಲಿ ಬೇಕಾದಷ್ಟಿವೆ. ಅಕ್ಟೋಬರಿನಲ್ಲಿ ಚಳಿ ಶುರುವಾದರೆ ಏಪ್ರಿಲ್‌ವರೆಗೂ ಮನೆಯನ್ನು ಬೆಚ್ಚಗಿಡುವುದು ಬೇಸ್‌ಮೆಂಟಿನ ಮೂಲೆಯಲ್ಲಿ ನಿಂತಿರುವ ಗ್ಯಾಸ್ ಫರ್ನೇಸ್. ಮನೆಯೊಳಗಿನ ಗಾಳಿಯನ್ನೇ ಅದು ಬ್ಲೋವರ್ ಎಂಬ ಫ್ಯಾನಿನ ಬಲದಿಂದ ರಿಟರ್ನ್ ಡಕ್ಟಿನ ಮೂಲಕ ಎಳೆದುಕೊಳ್ಳುತ್ತದೆ, ಕಾದ ಹೀಟ್ ಎಕ್ಸ್‌ಚೇಂಜರ್ ಮೇಲೆ ಹಾಯಿಸುತ್ತದೆ, ಬಿಸಿಯಾದ ಗಾಳಿಯನ್ನು ಒಂದೊಂದು ಕೋಣೆಗೂ ತಳ್ಳುತ್ತದೆ. ಬೇಸಿಗೆಯಲ್ಲಿ ಎಸಿಯ ತಂಪು ಓಡಾಡುವುದೂ ಇದೇ ಬ್ಲೋವರಿನಿಂದ, ಇದೇ ಡಕ್ಟುಗಳಲ್ಲಿ. ಈ ದಾರಿಗೆ ಅಡ್ಡಲಾಗಿ ರಟ್ಟಿನ ಚೌಕಟ್ಟಿನ ಒಂದು ಫಿಲ್ಟರ್ ಕೂತಿರುತ್ತದೆ. ಬದಲಿಸಲು ಐದು ನಿಮಿಷ ಸಾಕು. ಆದರೂ ಚಳಿಗಾಲದಲ್ಲಿ ನನಗೆ ಬರುವ ಎಷ್ಟೋ ಕರೆಗಳು ಕೊನೆಗೆ ಈ ಫಿಲ್ಟರಿಗೇ ಬಂದು ನಿಲ್ಲುತ್ತವೆ. ಹಾಗಾಗಿ ನಾನು ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1. ಫಿಲ್ಟರ್ ಮೊದಲು ಯಂತ್ರಕ್ಕೆ, ಆಮೇಲೆ ಮನುಷ್ಯರಿಗೆ.

ನಾವು ಉಸಿರಾಡುವ ಗಾಳಿಯನ್ನು ಶುದ್ಧ ಮಾಡಲಿಕ್ಕೇ ಫಿಲ್ಟರ್ ಇರುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಬ್ಲೋವರಿನ ರೆಕ್ಕೆಗಳಿಗೆ, ಎಸಿ ಕಾಯಿಲಿನ ಸಣ್ಣ ಸಂದುಗಳಿಗೆ ಧೂಳು ಮೆತ್ತದಂತೆ ಕಾಯುವುದು ಅದರ ಮೊದಲ ಕೆಲಸ. ಶೇ. 90ಕ್ಕೂ ಹೆಚ್ಚು ದಕ್ಷತೆಯ ಈಗಿನ ಫರ್ನೇಸುಗಳಲ್ಲಿ ಎರಡನೆಯದೊಂದು ಹೀಟ್ ಎಕ್ಸ್‌ಚೇಂಜರ್ ಇರುತ್ತದೆ. ಅದರ ತಗಡಿನ ಪದರಗಳು ಬಹಳ ಒತ್ತೊತ್ತಾಗಿರುವುದರಿಂದ ಒಮ್ಮೆ ಧೂಳು ಹೊಕ್ಕರೆ ತೆಗೆಯಲು ಫರ್ನೇಸಿನ ಅರ್ಧ ಭಾಗವನ್ನೇ ಬಿಚ್ಚಬೇಕಾಗುತ್ತದೆ. ಇದನ್ನು ತಿಳಿದವರು ‘ಈ ಚಳಿಗಾಲ ಹೇಗೋ ಫಿಲ್ಟರ್ ಇಲ್ಲದೆ ನಡೆಯಲಿ’ ಎಂದು ಹೇಳುವುದಿಲ್ಲ.

2. ಫಿಲ್ಟರ್ ಕಟ್ಟಿಕೊಂಡರೆ ಫರ್ನೇಸೇ ಕೆಟ್ಟಂತೆ ಕಾಣುತ್ತದೆ.

ಕರೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: “ಸರ್, ಸ್ವಲ್ಪ ಹೊತ್ತು ಬಿಸಿ ಗಾಳಿ ಬರುತ್ತೆ, ಆಮೇಲೆ ತಣ್ಣಗಾಗುತ್ತೆ. ಮತ್ತೆ ಬರುತ್ತೆ, ಮತ್ತೆ ಹೋಗುತ್ತೆ.” ನಾನು ಹೋಗಿ ಫರ್ನೇಸಿನ ಮುಂದೆ ಕೂತು ನೋಡುತ್ತೇನೆ. ಬರ್ನರ್ ಹೊತ್ತಿಕೊಳ್ಳುತ್ತದೆ, ನೀಲಿ ಜ್ವಾಲೆ ಚೆನ್ನಾಗಿಯೇ ಇರುತ್ತದೆ, ಬ್ಲೋವರ್ ತಿರುಗುತ್ತದೆ. ಕೆಲವು ನಿಮಿಷಕ್ಕೆ ಜ್ವಾಲೆ ಪಟ್ಟನೆ ಆರಿಹೋಗುತ್ತದೆ, ಬ್ಲೋವರ್ ಮಾತ್ರ ತಿರುಗುತ್ತಲೇ ಇರುತ್ತದೆ. ಕಂಟ್ರೋಲ್ ಬೋರ್ಡಿನ ಪುಟ್ಟ ದೀಪ ಮಿಣುಕಿ ಮಿಣುಕಿ ಲೆಕ್ಕ ಹೇಳುತ್ತದೆ. ಎಷ್ಟು ಮಿಣುಕಿದರೆ ಏನರ್ಥ ಎಂಬ ಪಟ್ಟಿ ಬಾಗಿಲಿನ ಒಳಮೈಗೇ ಅಂಟಿಸಿರುತ್ತದೆ. ಪಟ್ಟಿ ನೋಡಿದರೆ ಲಿಮಿಟ್ ಸ್ವಿಚ್ ಬಿಟ್ಟುಕೊಂಡಿದೆ ಎಂದು ಗೊತ್ತಾಗುತ್ತದೆ. ಹೀಟ್ ಎಕ್ಸ್‌ಚೇಂಜರ್ ಅತಿಯಾಗಿ ಕಾದಾಗ ಗ್ಯಾಸ್ ನಿಲ್ಲಿಸುವ ಕಾವಲು ಅದು. ಬಿಸಿಯನ್ನು ಹೊತ್ತೊಯ್ಯಲು ಸಾಕಷ್ಟು ಗಾಳಿ ಬಾರದಿದ್ದರೆ ಲೋಹ ಕಾಯದೆ ಏನು ಮಾಡೀತು? ಫಿಲ್ಟರ್ ಎಳೆದರೆ ಕಂಬಳಿಯ ತುಂಡಿನ ಹಾಗೆ ಬೂದು ಬಣ್ಣದ ದಪ್ಪ ಪದರವೊಂದು ಹೊರಬರುತ್ತದೆ. ಹೊಸ ಫಿಲ್ಟರ್ ಹಾಕಿದ ಮೇಲೆ ಜ್ವಾಲೆ ಆರದೆ ನಿಲ್ಲುತ್ತದೆ.

2019ರ ಜನವರಿ 30ರಂದು ಚಿಕಾಗೋದಲ್ಲಿ ಉಷ್ಣಾಂಶ ಮೈನಸ್ 23 ಫ್ಯಾರನ್‌ಹೀಟ್‌ಗೆ ಇಳಿದಿತ್ತು, ಸೆಲ್ಸಿಯಸ್‌ನಲ್ಲಿ ಮೈನಸ್ 30ಕ್ಕೂ ಕೆಳಗೆ. ಅಂಥ ರಾತ್ರಿ ಫರ್ನೇಸ್ ಬಿಡುವಿಲ್ಲದೆ ಓಡಬೇಕು. ಅರ್ಧ ಕಟ್ಟಿದ ಫಿಲ್ಟರ್ ನವೆಂಬರಿನಲ್ಲಿ ಯಾರಿಗೂ ಗೊತ್ತಾಗದೆ ನಡೆದುಹೋಗುತ್ತದೆ, ಜನವರಿಯ ಇಂಥ ರಾತ್ರಿಯಲ್ಲಿ ಕೈಕೊಡುತ್ತದೆ. ಲಿಮಿಟ್ ಸ್ವಿಚ್ ಮತ್ತೆ ಮತ್ತೆ ಬಿಟ್ಟುಕೊಳ್ಳುವುದನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಹೀಟ್ ಎಕ್ಸ್‌ಚೇಂಜರಿನ ಲೋಹವೇ ಬಿರುಕು ಬಿಡಬಹುದು. ಆಮೇಲೆ ಅದು ಫಿಲ್ಟರಿನ ಖರ್ಚಿನ ಮಾತಾಗಿ ಉಳಿಯುವುದಿಲ್ಲ.

3. ಅಳತೆಯನ್ನು ಹಳೆಯ ಫಿಲ್ಟರಿನ ಅಂಚಿನಲ್ಲಿ ಓದಿ.

16×25×1, 20×25×1, 20×20×1 ಇಂಥ ಅಂಕಿಗಳು ಅಂಚಿನಲ್ಲೇ ಅಚ್ಚಾಗಿರುತ್ತವೆ, ಎಲ್ಲವೂ ಇಂಚಿನ ಲೆಕ್ಕ. ಟೇಪ್ ಹಿಡಿದು ಅಳೆದರೆ ಕಾಲು, ಅರ್ಧ ಇಂಚು ಕಡಿಮೆಯೇ ಬರುತ್ತದೆ. ಸ್ಲಾಟಿನಲ್ಲಿ ಸಲೀಸಾಗಿ ಕೂರಲಿ ಎಂದು ಹಾಗೆ ಮಾಡಿರುತ್ತಾರೆ, ಗಾಬರಿ ಬೇಡ. ಹಳೆಯದೇ ತಪ್ಪು ಅಳತೆಯದಾಗಿರುವುದೂ ಉಂಟು, ಅದಕ್ಕೇ ಸ್ಲಾಟನ್ನೂ ಒಮ್ಮೆ ಅಳೆಯಿರಿ. ಸಣ್ಣ ಫಿಲ್ಟರ್ ತೂರಿಸಿದರೆ ಗಾಳಿ ಸುಲಭದ ದಾರಿ ಹಿಡಿದು ಸಂದಿನಿಂದ ನುಸುಳುತ್ತದೆ. ಆಗ ಎಷ್ಟು ಒಳ್ಳೆಯ ಫಿಲ್ಟರಾದರೂ ಹಾಕಿ ಫಲವಿಲ್ಲ.

4. ಬಾಣ ಬ್ಲೋವರಿನ ಕಡೆಗಿರಲಿ.

ಚೌಕಟ್ಟಿನ ಮೇಲಿನ ಬಾಣ ಗಾಳಿ ಹೋಗುವ ದಿಕ್ಕು. ರಿಟರ್ನ್ ಡಕ್ಟಿನಿಂದ ಬ್ಲೋವರಿನ ಕಡೆಗೆ, ಇಷ್ಟೇ ನೆನಪಿಟ್ಟರೆ ಸಾಕು. ಫರ್ನೇಸ್ ನಿಂತಿರಲಿ, ಅಟ್ಟದಲ್ಲಿ ಮಲಗಿರಲಿ, ಫಿಲ್ಟರ್ ಗೋಡೆಯ ಜಾಲರಿಯ ಹಿಂದಿರಲಿ, ಈ ಸೂತ್ರ ಬದಲಾಗುವುದಿಲ್ಲ. ಬಹಳಷ್ಟು ಮಡಿಕೆ ಫಿಲ್ಟರುಗಳಿಗೆ ಒಂದೇ ಬದಿಯಲ್ಲಿ ತಂತಿಯ ಜಾಲರಿಯ ಆಸರೆ ಇರುತ್ತದೆ. ಉಲ್ಟಾ ಹಾಕಿದರೆ ಮಡಿಕೆಗಳು ಗಾಳಿಯ ಒತ್ತಡಕ್ಕೆ ಕುಸಿಯಬಹುದು. ಫರ್ನೇಸಿನ ತಗಡಿನ ಮೇಲೆ ದಪ್ಪ ಮಾರ್ಕರಿನಿಂದ ನಾನೇ ಒಂದು ಬಾಣ ಬರೆದು ಬರುತ್ತೇನೆ. ಮುಂದಿನ ಸಲ ಬದಲಿಸುವವರು ಅತ್ತೆಯೋ ಮಾವನೋ ಆಗಿದ್ದರೂ ಯಾರನ್ನೂ ಕೇಳಬೇಕಾಗುವುದಿಲ್ಲ.

5. ಅತಿ ಸೂಕ್ಷ್ಮವಾದದ್ದು ಅತಿ ಒಳ್ಳೆಯದು ಎಂದು ಭಾವಿಸಬೇಡಿ.

ಅಂಗಡಿಯ ಸಾಲಿನಲ್ಲಿ ನಿಂತಾಗ ಜನ ಹೆಚ್ಚು ದಾರಿ ತಪ್ಪುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಎಂಬುದರ ಅಳತೆ ಮರ್ವ್. ಆಶ್ರೇ ಎಂಬ ಇಂಜಿನಿಯರುಗಳ ಸಂಘದ 52.2 ಎಂಬ ಮಾನದಂಡದಿಂದ ಬಂದದ್ದು. ಮರ್ವ್ 8ರ ಫಿಲ್ಟರ್ 3ರಿಂದ 10 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ ಶೇ. 70ನ್ನು ಹಿಡಿಯಬೇಕು. ಮರ್ವ್ 13 ಆದರೆ 0.3ರಿಂದ 1 ಮೈಕ್ರಾನಿನ ಹೊಗೆಯಂಥ ಕಣಗಳಲ್ಲೂ ಕನಿಷ್ಠ ಶೇ. 50ನ್ನು ಹಿಡಿಯುತ್ತದೆ. ಕೆಲವು ಕಂಪನಿ, ಅಂಗಡಿಗಳು ಎಂಪಿಆರ್, ಎಫ್‌ಪಿಆರ್ ಎಂಬ ತಮ್ಮದೇ ಅಂಕಿಗಳನ್ನು ದೊಡ್ಡದಾಗಿ ಅಚ್ಚು ಹಾಕುತ್ತವೆ. ಎಂಪಿಆರ್ 1900 ಎಂದರೆ ಸುಮಾರಾಗಿ ಮರ್ವ್ 13. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು 1900 ದೊಡ್ಡದು ಎಂದು ತಿಳಿಯಬಾರದು.

ನೇಯ್ಗೆ ಒತ್ತಾದಷ್ಟೂ ಗಾಳಿಗೆ ತಡೆ ಹೆಚ್ಚು. ಮನೆಯ ಫರ್ನೇಸುಗಳನ್ನು ಸಾಮಾನ್ಯವಾಗಿ 0.5 ಇಂಚು ನೀರಿನ ಒತ್ತಡಕ್ಕೆ ವಿನ್ಯಾಸ ಮಾಡಿರುತ್ತಾರೆ. ಡಕ್ಟು, ಕಾಯಿಲು, ಜಾಲರಿ, ಫಿಲ್ಟರ್ ಎಲ್ಲದರ ತಡೆ ಸೇರಿ ಅಷ್ಟರೊಳಗಿರಬೇಕು. ಒತ್ತಡ ಅಳೆಯುವ ಮ್ಯಾನೊಮೀಟರ್ ಚುಚ್ಚಿ ನೋಡಿದರೆ, ಒಂದಿಂಚಿನ ಮರ್ವ್ 13 ಹಾಕಿದ ಮನೆಗಳಲ್ಲಿ ಮುಳ್ಳು ಈ ಗಡಿ ದಾಟಿರುವುದನ್ನು ಬಹಳ ಕಡೆ ಕಂಡಿದ್ದೇನೆ. ಹಳೆಯ ಪಿಎಸ್‌ಸಿ ಮೋಟಾರಾದರೆ ಗಾಳಿ ಕಡಿಮೆಯಾಗುತ್ತದೆ. 2019ರ ಜುಲೈಯಲ್ಲಿ ಜಾರಿಯಾದ ಅಮೆರಿಕದ ಕೇಂದ್ರ ಸರ್ಕಾರದ ಬ್ಲೋವರ್ ದಕ್ಷತೆಯ ನಿಯಮದ ನಂತರ ಬಂದ ಫರ್ನೇಸುಗಳಲ್ಲಿ ಬಹುಮಟ್ಟಿಗೆ ಇಸಿಎಂ ಮೋಟಾರು ಇರುತ್ತದೆ. ಅವುಗಳಲ್ಲಿ ಎಷ್ಟೋ ಮೋಟಾರುಗಳು ಗಾಳಿಯನ್ನು ಬಿಟ್ಟುಕೊಡದೆ ಹೆಚ್ಚು ಕರೆಂಟು ಎಳೆದು ತಳ್ಳುತ್ತವೆ. ಒಂದರಲ್ಲಿ ಚಳಿ ಅನುಭವಿಸುತ್ತೀರಿ, ಇನ್ನೊಂದರಲ್ಲಿ ಬಿಲ್ಲು ಕಟ್ಟುತ್ತೀರಿ.

ಒಂದಿಂಚಿನ ಸ್ಲಾಟಿದ್ದರೆ ಮರ್ವ್ 8 ಸಾಕು, ಡಕ್ಟುಗಳು ಚೆನ್ನಾಗಿದ್ದರೆ 11 ಹಾಕಬಹುದು. ಮನೆಯಲ್ಲಿ ಆಸ್ತಮಾ ಇರುವ ಮಗುವೋ ವಯಸ್ಸಾದವರೋ ಇದ್ದು 13 ಬೇಕೇಬೇಕು ಎಂದರೆ ನಾಲ್ಕಿಂಚಿನ ಫಿಲ್ಟರಿನ ಪೆಟ್ಟಿಗೆ ಹಾಕಿಸಿ. ದಪ್ಪ ಫಿಲ್ಟರಿನಲ್ಲಿ ಮಡಿಕೆಗಳು ಆಳವಾಗಿದ್ದು ಬಟ್ಟೆ ಹೆಚ್ಚಿರುವುದರಿಂದ ಗಾಳಿ ಸುಲಭವಾಗಿ ಹಾಯುತ್ತದೆ. 2023ರ ಜೂನ್ 27ರಂದು ಕೆನಡಾದ ಕಾಳ್ಗಿಚ್ಚಿನ ಹೊಗೆ ಬಂದು ಜಗತ್ತಿನ ದೊಡ್ಡ ನಗರಗಳಲ್ಲೇ ಅತಿ ಕೆಟ್ಟ ಗಾಳಿ ಚಿಕಾಗೋದ್ದು ಎನಿಸಿಕೊಂಡಿತ್ತು. ಅಂಥ ದಿನಗಳಲ್ಲಿ ಮರ್ವ್ 13 ನಿಜಕ್ಕೂ ಉಪಕಾರಿ. ಆಗ ಥರ್ಮೋಸ್ಟಾಟಿನಲ್ಲಿ ಫ್ಯಾನನ್ನು ‘ಆಟೋ’ದಿಂದ ‘ಆನ್’ಗೆ ತನ್ನಿ, ಏಕೆಂದರೆ ಬ್ಲೋವರ್ ತಿರುಗದಿದ್ದರೆ ಯಾವ ಫಿಲ್ಟರೂ ಕೆಲಸ ಮಾಡುವುದಿಲ್ಲ. ಹೊಗೆ ಸರಿದ ಮೇಲೆ ಫಿಲ್ಟರ್ ನೋಡಿ, ಕಪ್ಪಾಗಿದ್ದರೆ ತೆಗೆದು ಬಿಸಾಡಿ.

6. ತಿಂಗಳ ಲೆಕ್ಕಕ್ಕಿಂತ ಕಣ್ಣಿನ ಲೆಕ್ಕ ಮೇಲು.

ತೆಳು ಫೈಬರ್‌ಗ್ಲಾಸಿನದು ಒಂದು ತಿಂಗಳು, ಒಂದಿಂಚಿನ ಮಡಿಕೆಯದು ಮೂರು ತಿಂಗಳು, ನಾಲ್ಕಿಂಚಿನದು ಆರರಿಂದ ಹನ್ನೆರಡು ತಿಂಗಳು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅದು ಯಾವ ಮನೆಯ ಲೆಕ್ಕವೋ. ಥರ್ಮೋಸ್ಟಾಟಿನ ‘ಫಿಲ್ಟರ್ ಬದಲಿಸಿ’ ಎಂಬ ಸೂಚನೆಯೂ ಸಾಮಾನ್ಯವಾಗಿ ದಿನವನ್ನೋ ಓಡಿದ ಗಂಟೆಯನ್ನೋ ಎಣಿಸುತ್ತದೆಯೇ ಹೊರತು ಧೂಳನ್ನು ನೋಡುವುದಿಲ್ಲ.

ನಮ್ಮವರ ಮನೆಯ ಫಿಲ್ಟರನ್ನು ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ. ಧೂಳಿನ ಜೊತೆಗೆ ಎಣ್ಣೆಯ ಜಿಡ್ಡು ಇರುತ್ತದೆ, ಮೂಗಿನ ಹತ್ತಿರ ತಂದರೆ ಒಗ್ಗರಣೆಯ ವಾಸನೆ. ಇಲ್ಲಿನ ಎಷ್ಟೋ ಅಡುಗೆಮನೆಗಳಲ್ಲಿ ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಸೋಸಿದಂತೆ ಮಾಡಿ ಒಳಗೇ ಬಿಡುತ್ತದೆ. ದಿನವೂ ಸಾಸಿವೆ ಸಿಡಿಸುವ, ವಾರಕ್ಕೊಮ್ಮೆ ಬೋಂಡಾ ಕರಿಯುವ, ಬೆಳಿಗ್ಗೆ ಸಂಜೆ ದೀಪ, ಊದುಬತ್ತಿ ಹಚ್ಚುವ ಮನೆಯಲ್ಲಿ ಮೂರು ತಿಂಗಳ ಫಿಲ್ಟರ್ ಎರಡು ತಿಂಗಳಿಗೇ ತುಂಬುತ್ತದೆ. ಅದಕ್ಕಾಗಿ ಒಗ್ಗರಣೆ ಬಿಡಿ ಎಂದು ನಾನು ಹೇಳುವುದಿಲ್ಲ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಫಿಲ್ಟರ್ ಎಳೆದು ಬೆಳಕಿಗೆ ಹಿಡಿಯಿರಿ. ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಅದರ ಆಯುಸ್ಸು ಮುಗಿದಿದೆ. ವಸಂತದಲ್ಲೂ ಶರತ್ತಿನಲ್ಲೂ ಬ್ಲೋವರ್ ಕಡಿಮೆ ಓಡುವುದರಿಂದ ಹೆಚ್ಚು ದಿನ ಬರುತ್ತದೆ.

ಹೊಸ ಮನೆಗೆ ಹೋಗುವವರಿಗೆ ಒಂದು ಮಾತು. ಗೋಡೆ ಕಟ್ಟುವಾಗ ಉಜ್ಜಿದ ಜಿಪ್ಸಮ್ ಪುಡಿ ಡಕ್ಟುಗಳಲ್ಲಿ ಕೂತಿರುತ್ತದೆ. ಕೀಲಿ ಕೈಗೆ ಬಂದ ದಿನವೇ ಫಿಲ್ಟರ್ ಬದಲಿಸಿ, ಒಂದು ತಿಂಗಳಿಗೆ ಮತ್ತೆ ಬದಲಿಸಿ. ಗೃಹಪ್ರವೇಶಕ್ಕೆ ಹೋಮ ಇಟ್ಟುಕೊಂಡಿದ್ದರೆ ಪೂರ್ಣಾಹುತಿ ಆಗಿ ಹೊಗೆ ಹೊರಹೋಗುವವರೆಗೆ ಫರ್ನೇಸು, ಫ್ಯಾನು ಎರಡನ್ನೂ ಆರಿಸಿ, ಹೋಮದ ಕೋಣೆಯ ರಿಟರ್ನ್ ಜಾಲರಿಗೆ ರಟ್ಟು ಮುಚ್ಚಿ, ಕಿಟಕಿ ತೆರೆದಿಡಿ. ಆಮೇಲೆ ರಟ್ಟು ತೆಗೆಯುವುದನ್ನು ಒಬ್ಬರಿಗೆ ಒಪ್ಪಿಸಿಬಿಡಿ.

7. ತೊಳೆಯಬೇಡಿ, ಕೊಡವಬೇಡಿ.

ಮಗಳ ಬಾಣಂತನಕ್ಕೆಂದು ತುಮಕೂರಿನಿಂದ ಬಂದಿದ್ದ ಹಿರಿಯರೊಬ್ಬರು ನಾನು ತೆಗೆದ ಫಿಲ್ಟರನ್ನು ಕೈಗೆತ್ತಿಕೊಂಡು, “ನೋಡಪ್ಪಾ, ಗಟ್ಟಿಮುಟ್ಟಾಗೇ ಇದೆಯಲ್ಲ. ನಮ್ಮನೆ ಎಸಿದು ಜಾಲರಿ ತೊಳೆದು ಹಾಕ್ತೀವಿ, ಇದನ್ನ ಯಾಕೆ ಎಸೀಬೇಕು?” ಎಂದರು. ವಸ್ತುವನ್ನು ಸುಮ್ಮನೆ ಎಸೆಯಬಾರದೆಂಬ ಆ ಮನಸ್ಸಿಗೆ ನನ್ನ ಗೌರವ ಇದೆ. ಆದರೆ ಊರಿನ ಸ್ಪ್ಲಿಟ್ ಎಸಿಯ ಪ್ಲಾಸ್ಟಿಕ್ ಜಾಲರಿಯೇ ಬೇರೆ. ಇಂಥ ಬಹಳಷ್ಟು ಫಿಲ್ಟರುಗಳ ಎಳೆಗಳಲ್ಲಿ ಸ್ಥಾಯೀ ವಿದ್ಯುತ್ತಿನ ಸೆಳೆತ ತುಂಬಿರುತ್ತಾರೆ. ನೀರು ಬಿದ್ದರೆ ಅದು ಹೋಗುತ್ತದೆ, ರಟ್ಟು ಸೊಟ್ಟಗಾಗುತ್ತದೆ, ಒದ್ದೆ ಉಳಿದರೆ ಬೂಷ್ಟು ಬೆಳೆಯುತ್ತದೆ. ಕೊಡವಿದರೆ ಮೇಲಿನ ಧೂಳು ಹಾರಿ ನಿಮ್ಮ ಎದೆಗೇ ಇಳಿಯುತ್ತದೆ, ಒಳಗಿನದು ಅಲ್ಲೇ ಉಳಿಯುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿ, ಫಿಲ್ಟರನ್ನು ಅಲ್ಲೇ ಕಸದ ಚೀಲಕ್ಕೆ ಇಳಿಸಿ ಬಾಯಿ ಕಟ್ಟಿ. ತೊಳೆಯಬಹುದು ಎಂದು ಅಂಚಿನಲ್ಲೇ ಅಚ್ಚಾಗಿರುವ ಫಿಲ್ಟರನ್ನು ಮಾತ್ರ ತೊಳೆಯಿರಿ, ಪೂರ್ತಿ ಒಣಗಿಸಿ ಹಾಕಿ.

8. ಬದಲಿಸಿದ ಮೇಲೆ ಫರ್ನೇಸ್ ಸತ್ತಂತಿದ್ದರೆ ಬಾಗಿಲು ನೋಡಿ.

ಫಿಲ್ಟರ್ ಬದಲಿಸುವ ಮೊದಲು ಥರ್ಮೋಸ್ಟಾಟ್ ಆಫ್ ಮಾಡಿ, ಫರ್ನೇಸಿನ ಪಕ್ಕದ ಸ್ವಿಚ್ಚನ್ನೂ ಆರಿಸಿ. ಓಡುತ್ತಿರುವಾಗ ಎಳೆದರೆ ಧೂಳಿನ ಉಂಡೆ ನೇರ ಬ್ಲೋವರಿಗೆ ಹೋಗುತ್ತದೆ. ಕೆಲವು ಫರ್ನೇಸುಗಳಲ್ಲಿ ಫಿಲ್ಟರ್ ಬ್ಲೋವರಿನ ಬಾಗಿಲ ಹಿಂದಿರುತ್ತದೆ. ಆ ಬಾಗಿಲು ಒತ್ತಿದರೆ ಮಾತ್ರ ಕರೆಂಟು ಬಿಡುವ ಒಂದು ಪುಟ್ಟ ಸ್ವಿಚ್ ಒಳಗಿದೆ. ಬಾಗಿಲು ಒಂದು ಎಳೆ ಹೊರಗಿದ್ದರೂ ಫರ್ನೇಸ್ ಅಲ್ಲಾಡುವುದಿಲ್ಲ. ರಾತ್ರಿ ಹತ್ತಕ್ಕೆ ಫೋನ್ ಮಾಡುವವರಿಗೆ ನಾನು ಮೊದಲು ಹೇಳುವುದು, ಬಾಗಿಲನ್ನು ಎತ್ತಿ, ಕೆಳಗಿನ ಕಚ್ಚಿನಲ್ಲಿ ಕೂರಿಸಿ, ಅಂಗೈಯಿಂದ ಒತ್ತಿ ಎಂದು. ಬಹಳ ಸಲ ನಾನು ಹೋಗಬೇಕಾಗುವುದೇ ಇಲ್ಲ. ಹೊಸ ಫಿಲ್ಟರಿನ ಅಂಚಿಗೆ ದಿನಾಂಕ ಬರೆಯುವುದನ್ನು ಮರೆಯಬೇಡಿ.

9. ಬೇಸಿಗೆಯಲ್ಲಿ ಕಟ್ಟಿದ ಫಿಲ್ಟರಿನ ದೋಷ ಮಂಜುಗಡ್ಡೆಯಾಗಿ ಬರುತ್ತದೆ.

ಗಾಳಿ ಸಾಲದಿದ್ದರೆ ಎಸಿ ಕಾಯಿಲ್ ಅತಿ ತಣ್ಣಗಾಗಿ ಅದರ ಮೇಲೆ ಹಿಮ ಕಟ್ಟುತ್ತದೆ. ಕೂಲಿಂಗ್ ನಿಲ್ಲಿಸಿ, ಫ್ಯಾನ್ ಮಾತ್ರ ಓಡಿಸಿ ಕರಗಿಸಿ, ಫಿಲ್ಟರ್ ಬದಲಿಸಿ. ಆಮೇಲೂ ಕಟ್ಟಿದರೆ ಮೆಕ್ಯಾನಿಕ್‌ನನ್ನು ಕರೆಯಿರಿ.

10. ಫಿಲ್ಟರ್ ತಡೆಯದ್ದೂ ಒಂದಿದೆ.

ಇಂಗಾಲದ ಮಾನಾಕ್ಸೈಡು (ಸಿಓ) ವಿಷಾನಿಲ, ಕಣವಲ್ಲ. ಯಾವ ಮರ್ವ್ ಅಂಕಿಯೂ ಅದನ್ನು ಹಿಡಿಯುವುದಿಲ್ಲ. ಫಿಲ್ಟರ್ ತೆಗೆದ ಸ್ಲಾಟಿನ ಬಾಯಿಗೆ ಮುಚ್ಚಳ ಹಾಕದೆ ಬಿಟ್ಟರೆ ಬ್ಲೋವರ್ ಬೇಸ್‌ಮೆಂಟಿನ ಗಾಳಿಯನ್ನೇ ಎಳೆಯುತ್ತದೆ. ಪಕ್ಕದಲ್ಲೇ ಹಳೆಯ ಮಾದರಿಯ ಗ್ಯಾಸ್ ವಾಟರ್ ಹೀಟರ್ ಇದ್ದರೆ ಅದರ ಹೊಗೆ ಚಿಮಣಿ ಹತ್ತುವ ಬದಲು ಕೆಳಗಿಳಿದು ಮನೆಯೊಳಗೆ ಸೇರಬಹುದು. ಮುಚ್ಚಳ ಕಳೆದಿದ್ದರೆ ಅಂಗಡಿಯಲ್ಲಿ ಅಯಸ್ಕಾಂತದ ಪಟ್ಟಿಯ ಮುಚ್ಚಳ ಸಿಗುತ್ತದೆ, ಇವತ್ತೇ ತನ್ನಿ. ಇಲಿನಾಯ್‌ನಲ್ಲಿ ಮಲಗುವ ಕೋಣೆಯಿಂದ 15 ಅಡಿಯೊಳಗೆ ಸಿಓ ಅಲಾರಂ ಇರಬೇಕೆಂದು 2007ರಿಂದ ಕಾನೂನಿದೆ. ಫಿಲ್ಟರ್ ಬದಲಿಸಿದ ದಿನವೇ ಅದರ ಟೆಸ್ಟ್ ಗುಂಡಿಯನ್ನೂ ಒತ್ತಿ ನೋಡಿ. ಅದು ಎಂದಾದರೂ ತಾನಾಗಿ ಕೂಗಿದರೆ ಕಾರಣ ಹುಡುಕುತ್ತಾ ಬೇಸ್‌ಮೆಂಟಿಗೆ ಇಳಿಯಬೇಡಿ. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ 911ಕ್ಕೆ ಫೋನ್ ಮಾಡಿ.